ಅರ್ಧ ಪರ್ಸೆಂಟ್ ವ್ಯತ್ಯಾಸದಿಂದ ಹುಟ್ಟಿದ ಕಾಲಂ: ಜಡ ಅನಿಲಗಳ ಕಥೆ

ನೀವು ಬರೆದ ಪ್ರೋಗ್ರಾಂ ಕೊಡೋ ಲೆಕ್ಕ ಅರ್ಧ ಪರ್ಸೆಂಟ್ ತಪ್ಪಿದೆ ಅಂದ್ರೆ ಏನ್ ಮಾಡ್ತೀರಿ? "ರೌಂಡಿಂಗ್ ಎರರ್ ಇರ್ಬೇಕು ಬಿಡಪ್ಪ" ಅಂತ ಟಿಕೆಟ್ ಕ್ಲೋಸ್ ಮಾಡೋರೇ ಜಾಸ್ತಿ. ನಾನೂ ಮಾಡಿದ್ದೀನಿ. ಇವತ್ತಿನ ಕಥೆ ಹಾಗೆ ಕ್ಲೋಸ್ ಮಾಡದೇ ಇದ್ದ ಒಬ್ಬರದ್ದು.

1869ರಲ್ಲಿ ರಷ್ಯಾದ ಮೆಂಡಲೀವ್ ತಮ್ಮ ಆವರ್ತ ಕೋಷ್ಟಕ ಪ್ರಕಟಿಸಿದರು. ಇನ್ನೂ ಸಿಗದ ಧಾತುಗಳಿಗೆ ಖಾಲಿ ಜಾಗ ಬಿಟ್ಟಿದ್ದೇ ಅವರ ಹೆಚ್ಚುಗಾರಿಕೆ. ಗ್ಯಾಲಿಯಂ, ಸ್ಕ್ಯಾಂಡಿಯಂ, ಜರ್ಮೇನಿಯಂ ಒಂದೊಂದಾಗಿ ಬಂದು ಆ ಜಾಗಗಳಲ್ಲಿ ಕೂತವು. ಆದರೆ ಜಡ ಅನಿಲಗಳಿಗೆ ಮಾತ್ರ ಖಾಲಿ ಜಾಗವೂ ಇರಲಿಲ್ಲ. ಇಡೀ ಕಾಲಮ್ಮೇ ನಾಪತ್ತೆ! ಯಾರ ಜೊತೆಗೂ ಬೆರೆಯದ ಧಾತು ರಸಾಯನಶಾಸ್ತ್ರಜ್ಞರ ಕಣ್ಣಿಗೆ ಬೀಳೋದಾದ್ರೂ ಹೇಗೆ?

ಸುಳಿವೇ ಇರಲಿಲ್ಲ ಅಂತಲ್ಲ. 1785ರಲ್ಲೇ ಇಂಗ್ಲೆಂಡಿನ ಕ್ಯಾವೆಂಡಿಷ್, ಗಾಳಿಯಲ್ಲಿನ ಸಾರಜನಕವನ್ನು ವಿದ್ಯುತ್ ಕಿಡಿ ಹಾಯಿಸಿ ತೆಗೆದುಹಾಕಿದಾಗ ಒಂದು ಸಣ್ಣ ಗುಳ್ಳೆ ಹಾಗೇ ಉಳಿದಿತ್ತು. 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಅಂತ ಬರೆದಿಟ್ಟರು. ನೂರು ವರ್ಷ ಅದರ ಬೆನ್ನು ಹತ್ತಿದವರಿಲ್ಲ.

1892ರಲ್ಲಿ ಲಾರ್ಡ್ ರೇಲಿ ಸಾರಜನಕದ ಸಾಂದ್ರತೆ ಅಳೆಯುತ್ತಿದ್ದಾಗ ತೂಕ ಹೊಂದಲಿಲ್ಲ. ಕೊನೆಗೆ ನಿಂತ ಲೆಕ್ಕ ಹೀಗಿತ್ತು: ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ 1.2572 ಗ್ರಾಂ, ರಾಸಾಯನಿಕಗಳಿಂದ ಮಾಡಿದ್ದು 1.2505 ಗ್ರಾಂ. ರೇಲಿ ಬಿಡಲಿಲ್ಲ. ನೇಚರ್ ಪತ್ರಿಕೆಗೆ ಪತ್ರ ಬರೆದು "ಯಾರಿಗಾದ್ರೂ ಕಾರಣ ಗೊತ್ತಾ?" ಅಂತ ಬಹಿರಂಗವಾಗಿ ಕೇಳಿದರು. ಮುಂದೆ ವಿಲಿಯಂ ರಾಮ್ಸೆ ಜೊತೆಯಾದರು. ಕಾದ ಮೆಗ್ನೀಸಿಯಂ ಮೇಲೆ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿ ಹೀರಿಸಿದಾಗ ಉಳಿದದ್ದು ಹೊಸ ಅನಿಲ. 1894ರಲ್ಲಿ ಘೋಷಣೆ. ಹೆಸರು ಆರ್ಗಾನ್, ಗ್ರೀಕ್‌ನಲ್ಲಿ ಸೋಮಾರಿ ಅಂತ ಅರ್ಥ.

ಈಗ ಶುರುವಾಯ್ತು ತಲೆನೋವು. ಆರ್ಗಾನ್‌ನ ಪರಮಾಣು ತೂಕ ಸುಮಾರು 40. ಪೊಟ್ಯಾಶಿಯಂದು 39. ತೂಕದ ಕ್ರಮದಲ್ಲಿ ಇಟ್ಟರೆ ಪೊಟ್ಯಾಶಿಯಂ, ಕ್ಯಾಲ್ಸಿಯಂ ನಡುವೆ ಸಿಕ್ಕಿಕೊಳ್ಳುತ್ತೆ, ಅಲ್ಲಿ ಜಾಗವೇ ಇಲ್ಲ. ಸ್ವತಃ ಮೆಂಡಲೀವ್ ಇದು ಹೊಸ ಧಾತುವಲ್ಲ, ಮೂರು ಸಾರಜನಕ ಪರಮಾಣು ಸೇರಿದ ಅಣು ಇರಬಹುದು ಅಂದರು. ಆದರೆ ರಾಮ್ಸೆ ಕೈ ನಿಲ್ಲಲಿಲ್ಲ. ಅಲ್ಲಿಯವರೆಗೆ ಸೂರ್ಯನ ಬೆಳಕಿನಲ್ಲಿ ಹಳದಿ ಗೆರೆಯಾಗಿ ಕಂಡಿದ್ದ ಹೀಲಿಯಂ 1895ರಲ್ಲಿ ಯುರೇನಿಯಂ ಅದಿರಿನಿಂದ ಸಿಕ್ಕಿತು. 1898ರಲ್ಲಿ ಮಾರಿಸ್ ಟ್ರಾವರ್ಸ್ ಜೊತೆ ಸೇರಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್. ಒಂದಲ್ಲ, ಇಡೀ ಕುಟುಂಬ! ಕೊನೆಗೆ ಮೆಂಡಲೀವ್ ಕೂಡ ಒಪ್ಪಿ "ಸೊನ್ನೆ ಗುಂಪು" ಸೇರಿಸಿದರು. ಕೋಷ್ಟಕ ಮುರಿಯಲಿಲ್ಲ, ಗಟ್ಟಿಯಾಯ್ತು. ಕ್ರಮದ ಗೊಂದಲ ಬಗೆಹರಿದದ್ದು 1913ರಲ್ಲಿ ಮೋಸ್ಲಿಯಿಂದ: ಎಣಿಸಬೇಕಾದ್ದು ತೂಕವನ್ನಲ್ಲ, ಪರಮಾಣು ಸಂಖ್ಯೆಯನ್ನ. ಆರ್ಗಾನ್ 18, ಪೊಟ್ಯಾಶಿಯಂ 19.

ಇನ್ನೊಂದು ಮಾತು ಹೇಳದೆ ಮುಗಿಸೋಕಾಗಲ್ಲ. ಜಮ್‌ಶೆಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಊರು ಹುಡುಕಲು ಬಂದು, ಬೆಂಗಳೂರೇ ಸರಿ ಅಂದದ್ದು ಇದೇ ರಾಮ್ಸೆ. ಆ ಸಂಸ್ಥೆಯ ಮೊದಲ ನಿರ್ದೇಶಕ ಇದೇ ಟ್ರಾವರ್ಸ್. ನಾವೆಲ್ಲ ಪುಣೆ, ಹೈದರಾಬಾದ್ ಅಂತ ಚದುರಿದ್ರೂ "ನಮ್ಮೂರು ವಿಜ್ಞಾನದ ಊರು" ಅಂತ ಹೆಮ್ಮೆ ಪಡ್ತೀವಲ್ಲ, ಅದರ ಬುಡದಲ್ಲಿ ಈ ಸೋಮಾರಿ ಅನಿಲಗಳ ಬೆನ್ನು ಹತ್ತಿದವರಿದ್ದಾರೆ.

ನಾಳೆ ಲೆಕ್ಕ ಅರ್ಧ ಪರ್ಸೆಂಟ್ ತಪ್ಪಿದ್ರೆ, ಟಿಕೆಟ್ ಕ್ಲೋಸ್ ಮಾಡೋ ಮುಂಚೆ ರೇಲಿಯನ್ನ ಒಮ್ಮೆ ನೆನಪಿಸಿಕೊಳ್ಳಿ. ಮುಂದಿನ ವಿಡಿಯೋದಲ್ಲಿ ಸಿಗೋಣ.