ಬಸದಿ: ಪದದ ಮೂಲ ಮತ್ತು ಅರ್ಥ

ತೆಲಸಂಗ, ಅಥಣಿ ಕಡೆ ರಾತ್ರಿ ಊರಲ್ಲೇ ತಂಗುವ ಬಸ್ಸಿಗೆ 'ವಸ್ತಿ ಬಸ್' ಎನ್ನುತ್ತಾರೆ. ನಮ್ಮ ಬಸದಿ, ಬಸ್ತಿಗಳೂ ಇದೇ ಕುಲದ ಪದಗಳು. ಮೂಲ ಸಂಸ್ಕೃತದ 'ವಸತಿ', ಅಂದರೆ ತಂಗುವ ಜಾಗ. ವರ್ಣ ಬಣ್ಣವಾದಂತೆ ವಸತಿ ಬಸದಿಯಾಯಿತು. ಪ್ರಾಕೃತದಲ್ಲಿ ಅದೇ 'ವಸಹಿ'. ಅಬು ಪರ್ವತದ ವಿಮಲ ವಸಹಿ (1031) ಎಂಬ ಹೆಸರು ಹಾಗೆ ಬಂದದ್ದು. ಮರಾಠಿಯ ವಸ್ತಿ, ಹಿಂದಿಯ ಬಸ್ತಿ ಮಾತ್ರ ಜನವಸತಿಗೇ ನಿಂತವು.

ಯಾರ ವಸತಿ? ಮುನಿಗಳದು. ಹಳೆಯ ದಾನಶಾಸನಗಳಲ್ಲಿ ಬಸದಿಯ ಪೂಜೆ, ಜೀರ್ಣೋದ್ಧಾರದ ಜೊತೆಗೆ ಋಷಿಯರ ಆಹಾರದಾನಕ್ಕೂ ಭೂಮಿ ಬಿಟ್ಟಿರುವುದು ಕಾಣುತ್ತದೆ. ಈಗ ಫಲಕಗಳಲ್ಲಿ 'ಮಂದಿರ' ಎಂದು ಬರೆಸುವುದುಂಟು. ತಪ್ಪಲ್ಲ, ಮಂದಿರವೂ ಮೂಲದಲ್ಲಿ ಮನೆಯೇ. ಆದರೆ ಅದು ಎಲ್ಲ ಗುಡಿಗೂ ಸಲ್ಲುತ್ತದೆ. ಬಸದಿ ಎಂದರೆ ಕನ್ನಡದಲ್ಲಿ ಜಿನಾಲಯವೇ: ಬೆಳಗಾವಿ ಕೋಟೆಯ ಕಮಲ ಬಸದಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ ಊರ ಹೆಸರೇ ಅದು.