ಉಪ್ಪಲ್‌ನಲ್ಲಿ ಸೈಕಲ್ ಸವಾರಿ: ಯಾವ ದಾರಿ, ಯಾವ ಹೊತ್ತು, ಏನು ಎಚ್ಚರ?

ಉಪ್ಪಲ್ ಎಂದರೆ ಹೊರಗಿನವರಿಗೆ ನೆನಪಾಗುವುದು ಕ್ರಿಕೆಟ್ ಸ್ಟೇಡಿಯಂ. ಅಲ್ಲೇ ವಾಸ ಇರುವವರಿಗೆ ನೆನಪಾಗುವುದು ಟ್ರಾಫಿಕ್. ಹೈದರಾಬಾದ್‌ನ ಪೂರ್ವ ತುದಿಯ ಈ ಜಂಕ್ಷನ್‌ನಲ್ಲಿ ನಾಲ್ಕು ದೊಡ್ಡ ರಸ್ತೆಗಳು ಬಂದು ಸೇರುತ್ತವೆ. ಒಂದು ಹಬ್ಸಿಗುಡ, ತಾರ್ನಾಕ ಮೂಲಕ ಸಿಕಂದರಾಬಾದ್‌ಗೆ, ಒಂದು ರಾಮಂತಾಪುರ, ಅಂಬರಪೇಟೆ ಕಡೆಗೆ, ಇನ್ನೊಂದು ನಾಗೋಲ್ ದಾಟಿ ಎಲ್‌.ಬಿ. ನಗರಕ್ಕೆ, ಮತ್ತೊಂದು ವರಂಗಲ್‌ಗೆ. ಇಂಥ ಜಾಗದಲ್ಲಿ ಸೈಕಲ್ ತುಳಿಯುವವರೂ ಇದ್ದಾರೆ, ಆಫೀಸಿಗೆ ಅದರಲ್ಲೇ ಹೋಗುವವರೂ ಇದ್ದಾರೆ.

ಇವರಿಗಾಗಿ ಪ್ರತ್ಯೇಕ ಪಥವೇನೂ ಇಲ್ಲಿಲ್ಲ. ಹಾಗಾಗಿ ಯಾವ ಗಲ್ಲಿಯಲ್ಲಿ ನುಗ್ಗಿದರೆ ಹೆದ್ದಾರಿ ತಪ್ಪುತ್ತದೆ, ಯಾವ ಹೊತ್ತಿಗೆ ಲಾರಿಗಳ ಕಾಟ ಕಡಿಮೆ ಎಂಬ ಮಾಹಿತಿ ಒಬ್ಬ ಸವಾರನಿಂದ ಇನ್ನೊಬ್ಬರಿಗೆ ಬಾಯಿಮಾತಿನಲ್ಲೇ ದಾಟುತ್ತದೆ. ಕೆಲಸಕ್ಕಾಗಿ ಉಪ್ಪಲ್, ಹಬ್ಸಿಗುಡ, ಪೋಚಾರಂ ಕಡೆ ನೆಲೆಸಿರುವ ಕನ್ನಡಿಗರಿಗೂ ಉಪಯೋಗವಾಗಬಹುದಾದ ಆ ಮಾಹಿತಿ ಇಲ್ಲಿದೆ.

ಪಶ್ಚಿಮಕ್ಕೆ ಟ್ರ್ಯಾಕ್, ಪೂರ್ವಕ್ಕೆ?

ಹೈದರಾಬಾದ್ ಸೈಕಲ್ ಸುದ್ದಿ ಎಂದಾಗ ಎಲ್ಲರೂ ತೋರಿಸುವುದು ಔಟರ್ ರಿಂಗ್ ರೋಡ್ ಪಕ್ಕದ ಸೋಲಾರ್ ಚಾವಣಿಯ ಟ್ರ್ಯಾಕ್. ಎಚ್‌ಎಂಡಿಎ ಕಟ್ಟಿಸಿದ ಈ 23 ಕಿ.ಮೀ. ಪಥ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಬಿಸಿಲಿಗೂ ಮಳೆಗೂ ಮೇಲೆ ಸೌರಫಲಕಗಳ ನೆರಳಿದೆ. ಆದರೆ ಅದಿರುವುದು ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರು ಭಾಗದಲ್ಲಿ, ಅಂದರೆ ಊರಿನ ಇನ್ನೊಂದು ಕೊನೆಯಲ್ಲಿ. ಉಪ್ಪಲ್‌ನವರು ಅಲ್ಲಿ ಸೈಕಲ್ ತುಳಿಯಬೇಕೆಂದರೆ ಮೊದಲು ಸೈಕಲನ್ನು ಕಾರಿಗೆ ಕಟ್ಟಬೇಕು!

ವಿಚಿತ್ರವೆಂದರೆ ನಿತ್ಯದ ಕೆಲಸಕ್ಕೆ ಸೈಕಲ್ ನಂಬಿದವರು ಹೆಚ್ಚಾಗಿ ಕಾಣುವುದು ಪೂರ್ವದ ಈ ಭಾಗದಲ್ಲೇ. ಉಪ್ಪಲ್, ನಾಚಾರಂ, ಮಲ್ಲಾಪುರ ಕೈಗಾರಿಕಾ ಪ್ರದೇಶದ ಪಾಳಿ ನೌಕರರು, ಸೆಕ್ಯುರಿಟಿ ಗಾರ್ಡ್‌ಗಳು, ಪೇಪರ್ ಮತ್ತು ಹಾಲು ಹಾಕುವವರು ವರ್ಷಗಳಿಂದ ಕ್ಯಾರಿಯರ್‌ಗೆ ಟಿಫಿನ್ ಡಬ್ಬಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೃಷಿಯೇತರ ಕೆಲಸಗಾರರ ಪೈಕಿ ಸುಮಾರು ಶೇ. 13 ಮಂದಿ ಕೆಲಸಕ್ಕೆ ಹೋಗುತ್ತಿದ್ದದ್ದು ಸೈಕಲ್‌ನಲ್ಲಿ. ಇವರಾರೂ ತಮ್ಮನ್ನು 'ಸೈಕ್ಲಿಸ್ಟ್' ಎಂದು ಕರೆದುಕೊಳ್ಳುವುದಿಲ್ಲ. ಹೆಲ್ಮೆಟ್, ಜೆರ್ಸಿಯ ಭಾನುವಾರದ ತಂಡಗಳಿಗಿಂತ ದಾರಿ ಚೆನ್ನಾಗಿ ಗೊತ್ತಿರುವುದು ಇವರಿಗೇ. ಹೊಸಬರು ಮನೆಯಿಂದ ಆಫೀಸಿಗೆ ದಾರಿ ಹುಡುಕುವಾಗ ಮ್ಯಾಪ್ ಜತೆಗೆ ಬಡಾವಣೆಯ ಪಂಕ್ಚರ್ ಅಂಗಡಿಯಲ್ಲೂ ಒಮ್ಮೆ ಕೇಳುವುದು ಒಳ್ಳೆಯದು.

ಜಂಕ್ಷನ್ ದಾಟುವುದು ಹೇಗೆ?

ಉಪ್ಪಲ್ ಜಂಕ್ಷನ್‌ನಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು, ಬೈಕ್‌ಗಳ ಜತೆ ಪೈಪೋಟಿಗೆ ಬಿದ್ದು ಬಲಕ್ಕೆ ತಿರುಗಲು ಹೋಗುವುದು. ವರಂಗಲ್, ಹನಮಕೊಂಡ ಕಡೆಯ ಬಸ್‌ಗಳು ಇಲ್ಲಿ ಎಡಕ್ಕೆ ನುಗ್ಗಿ ನಿಲ್ಲುತ್ತವೆ. ಶೇರ್ ಆಟೋಗಳು ಸಿಕ್ಕಲ್ಲಿ ಬ್ರೇಕ್ ಹಾಕುತ್ತವೆ. ಬಲಕ್ಕೆ ಹೋಗಬೇಕಾದವರು ಮೊದಲು ನೇರ ದಾಟಿ, ಆ ಬದಿಯಲ್ಲಿ ಸೈಕಲ್ ತಿರುಗಿಸಿ ನಿಂತು, ಮುಂದಿನ ಸಿಗ್ನಲ್‌ಗೆ ಹೊರಡುವುದು ಸುರಕ್ಷಿತ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಸಂಜೆ ರಶ್‌ನಲ್ಲಿ ಇಳಿದು ತಳ್ಳಿಕೊಂಡು ಹೋದರೂ ನಾಚಿಕೆ ಪಡಬೇಕಿಲ್ಲ.

ಪಾದಚಾರಿಗಳಿಗಾಗಿ ಇಲ್ಲಿ 660 ಮೀಟರ್ ಉದ್ದದ ಸ್ಕೈವಾಕ್ ಇದೆ. 2023ರ ಜೂನ್ 26ರಂದು ತೆರೆದ ಇದಕ್ಕೆ ಮೆಟ್ರೋ ಸ್ಟೇಷನ್‌ನ ಸಂಪರ್ಕವೂ ಇದೆ. ನಡೆಯುವವರಿಗೆ ಬಹಳ ಅನುಕೂಲ. ಸೈಕಲ್‌ನವರು ಮಾತ್ರ ಕೆಳಗಿನ ರಸ್ತೆಯಲ್ಲೇ ಏಗಬೇಕು.

ಬಸ್, ಲಾರಿಯ ಎಡಬದಿಯ ಕಿರಿದಾದ ಸಂದಿನಲ್ಲಿ ಮುಂದೆ ನುಸುಳಬಾರದು. ಡ್ರೈವರ್‌ಗೆ ಆ ಭಾಗ ಕಾಣುವುದೇ ಇಲ್ಲ. ವಾಹನ ಎಡಕ್ಕೆ ತಿರುಗಿದರೆ ಸೈಕಲ್ ಹಿಂದಿನ ಚಕ್ರದ ಅಡಿಗೇ ಹೋಗುತ್ತದೆ. ನಗರದ ಸೈಕಲ್ ಅಪಘಾತಗಳಲ್ಲಿ ಅತಿ ಭೀಕರವಾದವು ಈ ಬಗೆಯವು. ಸಿಗ್ನಲ್‌ನಲ್ಲಿ ದೊಡ್ಡ ವಾಹನ ಕಂಡರೆ ಅದರ ಹಿಂದೆ ನಿಲ್ಲುವುದು ಉತ್ತಮ.

ಸೈಕಲ್ ಪ್ಲಸ್ ಮೆಟ್ರೋ

ಉಪ್ಪಲ್‌ನಿಂದ ಹೈಟೆಕ್ ಸಿಟಿಗೆ ದಿನಾ ಸೈಕಲ್‌ನಲ್ಲೇ ಹೋಗಿ ಬರುವುದು ಹೆಚ್ಚಿನವರಿಗೆ ಆಗದ ಮಾತು. ಆದರೆ ಮನೆಯಿಂದ ಸ್ಟೇಷನ್‌ಗೆ ಹೋಗುವ 2-5 ಕಿ.ಮೀ. ದೂರಕ್ಕೆ ಸೈಕಲ್‌ಗಿಂತ ಅಗ್ಗದ ವಾಹನ ಇನ್ನೊಂದಿಲ್ಲ. ಗಂಟೆಗೆ 15 ಕಿ.ಮೀ. ನಿಧಾನ ವೇಗದಲ್ಲೂ 5 ಕಿ.ಮೀ.ಗೆ 20 ನಿಮಿಷ ಸಾಕು. ಬೋಡುಪ್ಪಲ್, ಪೀರ್ಜಾದಿಗುಡ ಭಾಗದವರಿಗೆ ಶೇರ್ ಆಟೋ ಕಾಯುವ ಸಮಯವೂ ಉಳಿಯುತ್ತದೆ.

ಹೈದರಾಬಾದ್ ಮೆಟ್ರೋದ ಮೊದಲ ಹಂತ 2017ರ ನವೆಂಬರ್‌ನಲ್ಲಿ ಆರಂಭವಾದಾಗಲೇ ನಾಗೋಲ್, ಉಪ್ಪಲ್ ಸ್ಟೇಷನ್‌ಗಳು ತೆರೆದವು. ನೀಲಿ ಮಾರ್ಗ 2019ರ ಮಾರ್ಚ್‌ನಲ್ಲಿ ಹೈಟೆಕ್ ಸಿಟಿಗೆ, ಅದೇ ವರ್ಷದ ನವೆಂಬರ್‌ನಲ್ಲಿ ರಾಯದುರ್ಗಕ್ಕೆ ತಲುಪಿತು. ಪೂರ್ವದ ಈ ತುದಿಯಲ್ಲಿ ಕೂತರೆ ರೈಲು ಬದಲಿಸದೆ ಐಟಿ ಕಚೇರಿಗಳ ಬಳಿ ಇಳಿಯಬಹುದು.

ತೊಡಕು ಇರುವುದು ಸೈಕಲ್ ನಿಲ್ಲಿಸುವಲ್ಲಿ. ನಾಗೋಲ್‌ನಲ್ಲಿ ಉಚಿತ ಪಾರ್ಕಿಂಗ್ ತೆಗೆದುಹಾಕುವ ಕ್ರಮ 2024ರಲ್ಲಿ ಪ್ರಯಾಣಿಕರ ಪ್ರತಿಭಟನೆಗೆ ಕಾರಣವಾಗಿತ್ತು. ಶುಲ್ಕ ಇರಲಿ, ಇಲ್ಲದಿರಲಿ, ಸೈಕಲನ್ನು ಕಂಬಕ್ಕೋ ಕಬ್ಬಿಣದ ಸರಳಿಗೋ ಫ್ರೇಮ್ ಸಮೇತ ಬೀಗ ಹಾಕಿ ಕಟ್ಟಬೇಕು. ಚಕ್ರಕ್ಕೆ ಮಾತ್ರ ಬೀಗ ಹಾಕಿದ ಸೈಕಲನ್ನು ಎತ್ತಿಕೊಂಡೇ ಹೋಗಬಹುದು. ಸ್ಟೇಷನ್‌ಗೆ ಬಿಡುವ ಸೈಕಲ್ ಹಳೆಯದಾಗಿದ್ದಷ್ಟೂ ನೆಮ್ಮದಿ ಎನ್ನುವುದು ಅನುಭವಸ್ಥರ ಲೆಕ್ಕಾಚಾರ. ಮಡಚುವ ಸೈಕಲ್ ಇರುವವರು ಲಗೇಜ್ ಅಳತೆಯ ನಿಯಮವನ್ನು ಮೊದಲೇ ಸ್ಟೇಷನ್‌ನಲ್ಲಿ ವಿಚಾರಿಸಿಕೊಳ್ಳುವುದು ಮೇಲು.

ಕರ್ನಾಟಕದ ಓದುಗರಿಗೆ ಇಲ್ಲಿ ಮೈಸೂರಿನ ನೆನಪಾಗಬಹುದು. 2017ರ ಜೂನ್‌ನಲ್ಲಿ ಅಲ್ಲಿ ಶುರುವಾದ 'ಟ್ರಿಣ್ ಟ್ರಿಣ್' ಯೋಜನೆ 48 ನಿಲ್ದಾಣ, 450 ಸೈಕಲ್‌ಗಳೊಂದಿಗೆ ರಸ್ತೆಗಿಳಿದಿತ್ತು. ಹೈದರಾಬಾದ್ ಮೆಟ್ರೋ ಕೂಡ ಆರಂಭದಲ್ಲಿ ಕೆಲವು ಸ್ಟೇಷನ್‌ಗಳಲ್ಲಿ ಬಾಡಿಗೆ ಸೈಕಲ್ ಪರಿಚಯಿಸಿತ್ತು. ಉಪ್ಪಲ್ ಕಡೆಯವರು ಮಾತ್ರ ಸ್ವಂತ ಸೈಕಲ್ ಇಟ್ಟುಕೊಳ್ಳುವುದೇ ಖಾತ್ರಿಯ ದಾರಿ.

ನಗರದೊಳಗೆ ಸರಾಗದ ದಾರಿಗಳು

ಹೊಸದಾಗಿ ಕಲಿಯುವವರಿಗೆ, ಬಹುಕಾಲದ ನಂತರ ಮತ್ತೆ ಸೈಕಲ್ ಹಿಡಿದವರಿಗೆ ಉಪ್ಪಲ್ ಭಗಾಯತ್ ಬಡಾವಣೆ ಒಳ್ಳೆಯ ಜಾಗ. ನಾಗೋಲ್ ಮೆಟ್ರೋ ಬಳಿ, ಮಿನಿ ಶಿಲ್ಪಾರಾಮದ ಆಸುಪಾಸಿನ ಈ ಲೇಔಟ್‌ನ ರಸ್ತೆಗಳು ಅಗಲವಾಗಿವೆ. ಬೆಳಗ್ಗೆ ವಾಹನ ಸಂಚಾರವೂ ಕಡಿಮೆ. ಗೇರ್ ಬದಲಿಸುವುದು, ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದು, ಹಿಂದೆ ತಿರುಗಿ ನೋಡಿದಾಗಲೂ ಸೈಕಲ್ ವಾಲದಂತೆ ಹಿಡಿಯುವುದು ಇವನ್ನೆಲ್ಲ ಮುಖ್ಯ ರಸ್ತೆಗೆ ಇಳಿಯುವ ಮುನ್ನ ಇಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು.

ತಾರ್ನಾಕ, ಸಿಕಂದರಾಬಾದ್ ಕಡೆ ಹೋಗುವವರು ಸ್ಟೇಡಿಯಂ, ಎನ್‌ಜಿಆರ್‌ಐ, ಸಿಸಿಎಂಬಿ ಮುಂದಿನ ಮುಖ್ಯ ರಸ್ತೆಯನ್ನು ಬೆಳಗ್ಗೆ 8ರೊಳಗೆ ಮುಗಿಸಿಕೊಂಡರೆ ಅರ್ಧ ತಲೆನೋವು ಕಡಿಮೆ. ಆಮೇಲೆ ಹೊರಟರೆ ಹಬ್ಸಿಗುಡದ ಬಡಾವಣೆ ರಸ್ತೆಗಳ ಒಳದಾರಿ ಹಿಡಿಯುವುದು ಲೇಸು. ಐಪಿಎಲ್ ಪಂದ್ಯದ ಸಂಜೆ ಸ್ಟೇಡಿಯಂ ಸುತ್ತ ಸಂಚಾರ ಮಾರ್ಪಾಡು ಇರುತ್ತದೆ, ಆ ದಿನ ಈ ರಸ್ತೆಯ ಸಹವಾಸವೇ ಬೇಡ. ತಾರ್ನಾಕದ ಆಚೆ ಸಿಗುವ ಉಸ್ಮಾನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ನ ಮರದ ನೆರಳಿನ ರಸ್ತೆಗಳು ಬೆಳಗಿನ ಸವಾರರಿಗೆ ಅಚ್ಚುಮೆಚ್ಚು.

ಕಾಚಿಗುಡದ ಕನ್ನಡ ವಲಯಕ್ಕೆ, ಅಂದರೆ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರದ ಕಡೆಗೆ, ರಾಮಂತಾಪುರ, ಅಂಬರಪೇಟೆ ದಾರಿ ಹತ್ತಿರ. ದೂರ ಹತ್ತು ಕಿ.ಮೀ. ಒಳಗೇ. ಮಳೆಗಾಲದಲ್ಲಿ ರಾಮಂತಾಪುರ ರಸ್ತೆಯಲ್ಲಿ ನೀರು ನಿಂತರೆ ಗುಂಡಿ ಯಾವುದು, ತೆರೆದ ಮ್ಯಾನ್‌ಹೋಲ್ ಯಾವುದು ತಿಳಿಯುವುದಿಲ್ಲ. ಅಂಥ ನೀರಿನಲ್ಲಿ ಸೈಕಲ್ ಇಳಿಸಬಾರದು.

ವರಂಗಲ್ ಹೆದ್ದಾರಿಯ ಕಂಬಗಳು

ಉಪ್ಪಲ್ ಸವಾರರ ಬಾಯಲ್ಲಿ ಹೆಚ್ಚು ಬರುವ ದೂರು ರಾಷ್ಟ್ರೀಯ ಹೆದ್ದಾರಿ 163ರದ್ದು. ಉಪ್ಪಲ್‌ನಿಂದ ನಾರಪಲ್ಲಿವರೆಗೆ ಸುಮಾರು 6 ಕಿ.ಮೀ. ಉದ್ದದ ಎಲಿವೇಟೆಡ್ ಕಾರಿಡಾರ್‌ಗೆ 2018ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಗಡುವು ಮೀರಿ ವರ್ಷಗಳೇ ಉರುಳಿದವು. 2023ರ ಮಾರ್ಚ್‌ನಲ್ಲಿ ವಿಳಂಬವನ್ನು ಪ್ರಶ್ನಿಸುವ ಪೋಸ್ಟರ್‌ಗಳು ಇದೇ ಕಂಬಗಳ ಮೇಲೆ ಕಾಣಿಸಿಕೊಂಡು ಸುದ್ದಿಯಾಗಿದ್ದವು. ಕಾಮಗಾರಿ ಎಳೆದಷ್ಟೂ ಕೆಳಗಿನ ರಸ್ತೆ ಕಿರಿದಾಗಿ, ಕಿತ್ತುಹೋಗಿ, ಧೂಳುಮಯವಾಯಿತು. ಕಾರಿನವರಿಗೆ ಇದು ವಿಳಂಬ. ಸೈಕಲ್‌ನವರಿಗೆ ಗುಂಡಿ ತಪ್ಪಿಸಲು ಬಲಕ್ಕೆ ಸರಿದರೆ ಹಿಂದಿನಿಂದ ಬರುವ ಲಾರಿಯ ಭಯ.

ಹೀಗಾಗಿ ಘಟ್‌ಕೇಸರ್ ಕಡೆ ಹೋಗುವವರು ಹೆದ್ದಾರಿ ಬಿಟ್ಟು ಮೂಸಿ ನದಿ ಬದಿಯ ಹಳ್ಳಿ ರಸ್ತೆ ಹಿಡಿಯಬಹುದು. ಪೀರ್ಜಾದಿಗುಡ, ಪರ್ವತಾಪುರ, ಪ್ರತಾಪ ಸಿಂಗಾರಂ, ಕೊರ್ರೆಮುಲ ಮೂಲಕ ಸಾಗುವ ಈ ದಾರಿ ಸ್ವಲ್ಪ ಸುತ್ತು. ನಡುವೆ ಭತ್ತದ ಗದ್ದೆ ಸಿಗುತ್ತದೆ, ಎಮ್ಮೆಗಳೂ ಅಡ್ಡ ಬರುತ್ತವೆ. ಮೂಸಿಯ ವಾಸನೆ ಸಹಿಸಿಕೊಳ್ಳಬೇಕು. ಆದರೂ ಹೆದ್ದಾರಿಗಿಂತ ನೂರು ಪಾಲು ನಿರಾಳ. ಘಟ್‌ಕೇಸರ್ ಬಳಿ ಸಿಗುವ 158 ಕಿ.ಮೀ. ಔಟರ್ ರಿಂಗ್ ರೋಡ್‌ನ ಮುಖ್ಯ ಪಥಕ್ಕೆ ಸೈಕಲ್, ಬೈಕ್ ಎರಡಕ್ಕೂ ಪ್ರವೇಶವಿಲ್ಲ. ಪಕ್ಕದ ಸರ್ವೀಸ್ ರಸ್ತೆ ಮಾತ್ರ ಬಳಸಬಹುದು.

ಭಾನುವಾರದ ಸವಾರಿ: ಚಾಲುಕ್ಯರ ಬೆಟ್ಟಕ್ಕೆ

ಉಪ್ಪಲ್‌ನಿಂದ ಸುಮಾರು 40 ಕಿ.ಮೀ. ದೂರದ ಭುವನಗಿರಿ ಕೋಟೆ ಈ ಭಾಗದ ಸವಾರರಿಗೆ ಹೇಳಿಮಾಡಿಸಿದ ಗುರಿ. ಒಂದೇ ಬಂಡೆಯ ಬೆಟ್ಟದ ಮೇಲಿನ ಈ ಕೋಟೆಗೆ ಹೆಸರು ಬಂದದ್ದು ಕಲ್ಯಾಣ ಚಾಲುಕ್ಯರ ತ್ರಿಭುವನಮಲ್ಲ ಆರನೇ ವಿಕ್ರಮಾದಿತ್ಯನಿಂದ. ತ್ರಿಭುವನಗಿರಿಯೇ ಭುವನಗಿರಿಯಾಯಿತು. ಇನ್ನೂ ಮುಂದೆ ಆಲೇರು ಬಳಿ ಒಳಕ್ಕೆ ತಿರುಗಿದರೆ ಕೊಲನುಪಾಕ. ಕನ್ನಡಿಗರಿಗೆ ಕೊಲ್ಲಿಪಾಕಿ ಎಂದರೆ ತಟ್ಟನೆ ಹೊಳೆಯುತ್ತದೆ, ವೀರಶೈವ ಪರಂಪರೆ ರೇಣುಕಾಚಾರ್ಯರ ಮೂಲಸ್ಥಾನವೆಂದು ಹೇಳುವ ಸೋಮೇಶ್ವರ ಕ್ಷೇತ್ರವಿದು. ಹೆಸರಾಂತ ಜೈನ ಮಂದಿರವೂ ಇಲ್ಲಿದೆ. ಹೋಗಿ ಬರಲು 140 ಕಿ.ಮೀ. ಆಸುಪಾಸು ಆಗುವುದರಿಂದ ಅಭ್ಯಾಸವಿಲ್ಲದವರು ಒಂದೇ ದಿನಕ್ಕೆ ಕೈಹಾಕುವುದು ಬೇಡ. ಘಟ್‌ಕೇಸರ್, ಭುವನಗಿರಿ, ಆಲೇರು ಮೂರೂ ಸಿಕಂದರಾಬಾದ್–ಕಾಜಿಪೇಟೆ ರೈಲು ಮಾರ್ಗದಲ್ಲೇ ಇರುವುದರಿಂದ ಸುಸ್ತಾದವರಿಗೆ ಅದೂ ಒಂದು ಆಸರೆ.

ತಂಡವಾಗಿ ಹೊರಡುವಾಗ ದೂರ, ವೇಗ, ಎಲ್ಲೆಲ್ಲಿ ನಿಂತು ಎಲ್ಲರೂ ಸೇರಬೇಕು ಎಂಬುದು ಹಿಂದಿನ ರಾತ್ರಿಯೇ ಎಲ್ಲರಿಗೂ ಗೊತ್ತಿರಬೇಕು. ಮುಂದೆ ಒಬ್ಬ ದಾರಿ ಬಲ್ಲವರು, ಕೊನೆಯಲ್ಲಿ ಪಂಪು, ಟ್ಯೂಬು ಇಟ್ಟುಕೊಂಡ ಇನ್ನೊಬ್ಬ ಅನುಭವಿ. ಈ ಕೊನೆಯವರನ್ನು ಯಾರೂ ಹಿಂದಿಕ್ಕಿ ಉಳಿಯಬಾರದು. ವೇಗದವರು ಮುಂದೆ ಹೋಗಿ ಇಡ್ಲಿ ತಿಂದು ಮುಗಿಸಿರುತ್ತಾರೆ, ಹೊಸಬರು ಹೆದ್ದಾರಿಯಲ್ಲಿ ಒಂಟಿಯಾಗಿ ಪಂಕ್ಚರ್ ಜತೆ ಒದ್ದಾಡುತ್ತಿರುತ್ತಾರೆ ಎಂಬ ಪರಿಸ್ಥಿತಿ ಬಂದರೆ ಅವರು ಎರಡನೇ ಸಲ ಬರುವುದಿಲ್ಲ. ದೂರ ಹೆಚ್ಚಿಸಿಕೊಳ್ಳುವ ಆಸೆಯಿದ್ದರೆ ಬ್ರೆವೆ ಸವಾರಿಗಳಿವೆ. 200 ಕಿ.ಮೀ.ಗೆ 13.5 ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಕಾಲಮಿತಿ. ಇದು ರೇಸ್ ಅಲ್ಲ, ಸಮಯದೊಳಗೆ ಮುಗಿಸಿದರೆ ಸಾಕು.

ಬೇಸಿಗೆಯಲ್ಲಿ ಬೆಳಗ್ಗೆ 5ಕ್ಕೆ ಹೊರಟು 9ರೊಳಗೆ ಮನೆ ಸೇರಬೇಕು. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ.

ಅಪಘಾತವಾದರೆ ಕಾನೂನು ಏನು ಹೇಳುತ್ತದೆ?

ಸೈಕಲ್‌ಗೆ ಲೈಸೆನ್ಸ್, ನೋಂದಣಿ ಬೇಡ. ಹೆಲ್ಮೆಟ್ ಕಾನೂನಿನಂತೆ ಕಡ್ಡಾಯವಲ್ಲ, ಹಾಕಿಕೊಳ್ಳದಿರಲು ಅದು ಕಾರಣವೂ ಅಲ್ಲ. ಕತ್ತಲಲ್ಲಿ ಹಿಂದೆ ಕೆಂಪು, ಮುಂದೆ ಬಿಳಿ ದೀಪ ಇಲ್ಲದೆ ಈ ರಸ್ತೆಗಳಿಗೆ ಇಳಿಯಲೇಬಾರದು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸೈಕಲ್ ಸವಾರರ ಪಾಲು ಸುಮಾರು ಶೇ. 3. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದೇ ಹೋದರೆ ಪರಿಹಾರವೇ ಇಲ್ಲ ಎಂದು ಹಲವರು ಸುಮ್ಮನಾಗುತ್ತಾರೆ. ಹಾಗಿಲ್ಲ. ಕೇಂದ್ರದ ಹಿಟ್ ಅಂಡ್ ರನ್ ಪರಿಹಾರ ಯೋಜನೆಯಡಿ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ. ಸಿಗುತ್ತದೆ. ಸೈಕಲ್ ಸವಾರರಿಗೂ, ಪಾದಚಾರಿಗಳಿಗೂ ಇದು ಅನ್ವಯ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದೋ ಸಾಕ್ಷಿಯಾಗಲೇಬೇಕೆಂದೋ ಪೊಲೀಸರು ಒತ್ತಾಯಿಸುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನೆರವಿಗೆ ಬಂದವರಿಗೆ ಈ ರಕ್ಷಣೆ ಕೊಟ್ಟಿದೆ. ಆಂಬುಲೆನ್ಸ್‌ಗೆ 108, ಪೊಲೀಸ್ ನೆರವಿಗೆ 112ಕ್ಕೆ ಕರೆ ಮಾಡಬೇಕು. ಎಫ್‌ಐಆರ್ ಪ್ರತಿ ಮತ್ತು ಆಸ್ಪತ್ರೆಯ ದಾಖಲೆಗಳನ್ನು ಜೋಪಾನವಾಗಿಡಬೇಕು. ಪಾಳಿ ಮುಗಿಸಿ ರಾತ್ರಿ ಒಬ್ಬರೇ ಮನೆಗೆ ತುಳಿಯುವವರು ಮನೆಯವರ ಫೋನ್ ನಂಬರ್ ಹಾಗೂ ರಕ್ತದ ಗುಂಪನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಲಾಕ್ ಆದ ಮೊಬೈಲ್‌ನಿಂದ ಆ ಮಾಹಿತಿ ತೆಗೆಯುವುದು ಅಪರಿಚಿತರಿಗೆ ಕಷ್ಟ.