ಬಜ್ಪೆಗೆ ಬಂದ ಡಕೋಟ: ಎರಡು ಎಂಜಿನ್‌ಗಳ ದೊಡ್ಡ ಮಾದರಿ ವಿಮಾನ ಕಟ್ಟುವ ಬಗೆ

1951ರ ಡಿಸೆಂಬರ್ 25ರಂದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತು ಬಂದಿಳಿದದ್ದು ಡಗ್ಲಸ್ ಡಿಸಿ-3, ನಮ್ಮವರ ಬಾಯಲ್ಲಿ ‘ಡಕೋಟ’. ರೆಕ್ಕೆಯ ಮೇಲೆ ಎರಡು ಎಂಜಿನ್, ಉಬ್ಬಿದ ಮೂಗು, ನೆಲಕ್ಕೆ ತಗ್ಗಿದ ಬಾಲ: ಈ ವಿಮಾನದ ಗುರುತು ಹಿಡಿಯಲು ಯಾರಿಗೂ ಕಷ್ಟವಾಗದು. ಎರಡು ಎಂಜಿನ್‌ಗಳ ದೊಡ್ಡ ರೇಡಿಯೊ ನಿಯಂತ್ರಿತ ಮಾದರಿ ಕಟ್ಟಲು ಹೊರಟ ಮಂಗಳೂರಿನವರಿಗೆ ಇದಕ್ಕಿಂತ ಹತ್ತಿರದ ವಿಮಾನ ಇನ್ನೊಂದಿಲ್ಲ. ಇಂಥ ಮಾದರಿಯ ಲೆಕ್ಕಾಚಾರ, ನಿರ್ಮಾಣ, ಹಾರಾಟ ಮತ್ತು ಕಾನೂನುಗಳ ಪರಿಚಯ ಇಲ್ಲಿದೆ.

ಡಕೋಟವೇ ಏಕೆ?

ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಎರಡನೆಯ ಮಹಾಯುದ್ಧದಲ್ಲಿ ಇದರ ಸೇನಾ ರೂಪಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾದವು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೂ ಡಕೋಟಕ್ಕೂ ಹಳೆಯ ನಂಟು. ಯುದ್ಧದ ಕಾಲದಲ್ಲಿ ಅದು ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಸೇನೆಯ ಡಕೋಟಗಳನ್ನು ನಾಗರಿಕ ಸೇವೆಗೆ ಸಜ್ಜುಗೊಳಿಸಿಕೊಟ್ಟಿತು.

2018ರಲ್ಲಿ ಬ್ರಿಟನ್‌ನಲ್ಲಿ ದುರಸ್ತಿಗೊಂಡ ಒಂದು ಡಕೋಟ ಹಾರಿಕೊಂಡೇ ಭಾರತಕ್ಕೆ ಬಂತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು; ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. ವಿಪಿ 905 ಸಂಖ್ಯೆಯ ಈ ವಿಮಾನದ ಹೆಸರು ‘ಪರಶುರಾಮ’. ತಮ್ಮ ನೆಲ ಪರಶುರಾಮ ಸೃಷ್ಟಿ ಎಂದು ನಂಬಿಕೊಂಡು ಬಂದ ತುಳುನಾಡಿನವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ, ಗುರುತುಗಳ ಅಸಂಖ್ಯ ಫೋಟೊಗಳು ಸಿಗುವುದರಿಂದ ಮಾದರಿ ಕಟ್ಟುವವರಿಗೂ ‘ಪರಶುರಾಮ’ ಅನುಕೂಲ.

‘ದೊಡ್ಡ ಮಾದರಿ’ ಎಂದರೆ ಎಷ್ಟು ದೊಡ್ಡದು?

ಹವ್ಯಾಸಿಗಳ ಲೋಕದಲ್ಲಿ ರೂಢಿಯಲ್ಲಿರುವ ಒಂದು ಅಳತೆಯ ಪ್ರಕಾರ, ಒಂಟಿ ರೆಕ್ಕೆಯ ವಿಮಾನಕ್ಕೆ 80 ಇಂಚು, ಜೋಡಿ ರೆಕ್ಕೆಯದಕ್ಕೆ 60 ಇಂಚು ಹರವು ದಾಟಿದರೆ ಅದು ದೈತ್ಯ ಮಾದರಿ. ಡಕೋಟದ ರೆಕ್ಕೆಯ ಹರವು ಸುಮಾರು 29 ಮೀಟರ್, ಉದ್ದ 19.7 ಮೀಟರ್. ಹತ್ತನೇ ಒಂದು ಪ್ರಮಾಣದಲ್ಲಿ ಕಟ್ಟಿದರೆ ಹರವು 2.9 ಮೀಟರ್, ಅಂದರೆ 114 ಇಂಚು. ಮನೆಯ ಕೋಣೆಯಲ್ಲಿ ಕಟ್ಟಬಹುದಾದ, ಬಿಚ್ಚಿ ವ್ಯಾನಿನಲ್ಲಿ ಒಯ್ಯಬಹುದಾದ ಗಾತ್ರವಿದು.

ಪ್ರಮಾಣ ಇಳಿದಂತೆ ಎಲ್ಲವೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಉದ್ದ ಹತ್ತರಲ್ಲೊಂದು ಆದಾಗ ರೆಕ್ಕೆಯ ವಿಸ್ತೀರ್ಣ ನೂರರಲ್ಲೊಂದು, ತೂಕ ಸಾವಿರದಲ್ಲೊಂದು. ಡಕೋಟದ ಪೂರ್ಣ ಹೊರೆಯ ತೂಕ ಸುಮಾರು 11,400 ಕೆ.ಜಿ.; ಮಾದರಿಗೆ 11.4 ಕೆ.ಜಿ. ರೆಕ್ಕೆಯ ವಿಸ್ತೀರ್ಣ 91.7 ಚದರ ಮೀಟರ್ ಇದ್ದದ್ದು 0.92 ಚದರ ಮೀಟರ್ ಆಗುತ್ತದೆ. ಆದರೆ ಗಾಳಿ ಚಿಕ್ಕದಾಗುವುದಿಲ್ಲ. ಚಿಕ್ಕ ರೆಕ್ಕೆ ನಿಧಾನ ವೇಗದಲ್ಲಿ ದೊಡ್ಡದರಷ್ಟು ದಕ್ಷವಾಗಿ ಎತ್ತಲಾರದು. ಆದ್ದರಿಂದ 11.4 ಕೆ.ಜಿ.ಯನ್ನು ಮಿತಿಯೆಂದು ಇಟ್ಟುಕೊಂಡು 9 ಕೆ.ಜಿ.ಯ ಗುರಿಯಿಟ್ಟು ಕಟ್ಟುವುದು ಒಳಿತು. 9 ಕೆ.ಜಿ.ಯ ಮಾದರಿ ಗಂಟೆಗೆ ಸುಮಾರು 40 ಕಿ.ಮೀ.ಗಿಂತ ನಿಧಾನವಾದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇಳಿಯುವಾಗ 50 ಕಿ.ಮೀ.ಗಿಂತ ಮೇಲೆಯೇ ವೇಗ ಉಳಿಸಿಕೊಳ್ಳಬೇಕು.

ಮರ, ಅಂಟು, ಮಳೆಗಾಲ

ಹಂದರಕ್ಕೆ ಮುಖ್ಯ ಸಾಮಗ್ರಿ ಬಾಲ್ಸಾ ಮರ. ಹಗುರವಾದರೂ ತೂಕಕ್ಕೆ ಹೋಲಿಸಿದರೆ ಗಟ್ಟಿ. ಹೊರೆ ಬೀಳುವ ಕಡೆ, ಅಂದರೆ ಮೋಟಾರು ಕೂರುವ ತಡಿಕೆ, ಚಕ್ರದ ಕಾಲು, ರೆಕ್ಕೆ ಸೇರುವ ಜಾಗಗಳಲ್ಲಿ ತೆಳು ಪ್ಲೈವುಡ್ ಬಳಸುತ್ತಾರೆ. ರೆಕ್ಕೆಯ ಬೆನ್ನೆಲುಬಾದ ಸ್ಪಾರ್‌ಗೆ ಸ್ಪ್ರೂಸ್ ಪಟ್ಟಿ, ಜೋಡಣೆಗೆ ಕಾರ್ಬನ್ ಫೈಬರ್ ಕೊಳವೆ. ನಕ್ಷೆ ಕಂಪ್ಯೂಟರಿನಲ್ಲಿದ್ದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ಹಲಗೆಗಳಾದ ರಿಬ್‌ಗಳನ್ನು ಲೇಸರ್ ಕಟಿಂಗ್ ಅಂಗಡಿಯಲ್ಲಿ ಕೊಯ್ಸಿಕೊಳ್ಳಬಹುದು.

ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಬಾಲ್ಸಾ ತೇವ ಹೀರುತ್ತದೆ, ಬಾಗುತ್ತದೆ, ತೂಕವೂ ಏರುತ್ತದೆ. ಹಾಳೆಗಳನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಮಲಗಿಸಿ ಇಡಬೇಕು. ಗೋಡೆಗೆ ಒರಗಿಸಿ ಇಡಬಾರದು. ಫೆವಿಕ್ವಿಕ್ ಜಾತಿಯ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆಷಾಢದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದುಕೊಳ್ಳುವುದರಿಂದ ಜೋಡಣೆ ತಿದ್ದಲು ಸಮಯ ಉಳಿಯದು. ರಿಬ್‌ಗಳಿಗೆ ಫೆವಿಕಾಲ್, ಹೊರೆ ಹೊರುವ ಜಾಗಗಳಿಗೆ ಅರಲ್ಡೈಟ್‌ನಂಥ ನಿಧಾನದ ಎಪಾಕ್ಸಿ ಹೆಚ್ಚು ನಂಬಿಕೆಯವು. ಆದರೂ ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾರಾಟವಿಲ್ಲದ ಕಾರಣ ಕಟ್ಟುವ ಕಾಲವೂ ಅದೇ.

ರೆಕ್ಕೆ ಮತ್ತು ಒಡಲು

ಡಕೋಟದ ರೆಕ್ಕೆ ಮೂರು ತುಂಡಿನದು. ನಡುವಿನ ಭಾಗ ಸಮತಟ್ಟು. ಎಂಜಿನ್ ಗೂಡುಗಳು ಅದರ ಮೇಲಿವೆ. ಹೊರಗಿನ ಎರಡು ಭಾಗಗಳು ತುಸು ಮೇಲಕ್ಕೆತ್ತಿವೆ, ಅವುಗಳ ಮುಂಚೂಣಿ ಅಂಚು ಹಿಂದಕ್ಕೆ ಸರಿದಿದೆ. ಮಾದರಿಯಲ್ಲೂ ಹೀಗೆಯೇ ಮೂರು ತುಂಡಾಗಿ ಕಟ್ಟಿದರೆ ಸಾಗಣೆ ಸುಲಭ, ಎಂಜಿನ್‌ಗಳ ತಂತಿಗಳನ್ನೂ ಪದೇ ಪದೇ ಬಿಚ್ಚಬೇಕಿಲ್ಲ.

ನಡುಭಾಗವನ್ನು ಕಟ್ಟುವಾಗ ದಪ್ಪ ಗಾಜಿನ ಹಲಗೆಯೇ ಮೇಜು. ಮರದ ಮೇಜು ಮಳೆಗಾಲದಲ್ಲಿ ತಾನೇ ಬಾಗುತ್ತದೆ. ಗಾಜಿನ ಮೇಲೆ ನಕ್ಷೆ, ಅದರ ಮೇಲೆ ಅಂಟು ಹಿಡಿಯದ ಪ್ಲಾಸ್ಟಿಕ್ ಹಾಳೆ. ಕೆಳಗಿನ ಸ್ಪಾರ್ ಮಲಗಿಸಿ, ರಿಬ್‌ಗಳನ್ನು ಮೂಲೆಮಟ್ಟ ಹಿಡಿದು ಒಂದೊಂದಾಗಿ ನಿಲ್ಲಿಸಿ, ಕಾರ್ಬನ್ ಕೊಳವೆಯ ತೋಡನ್ನು ಎಲ್ಲ ರಿಬ್‌ಗಳ ಮೂಲಕ ಹಾಯಿಸಿ, ಕೊಳವೆ ಸರಾಗವಾಗಿ ಒಳಗೆ ಹೊರಗೆ ಓಡುವುದನ್ನು ಖಾತ್ರಿಪಡಿಸಿಕೊಂಡ ಮೇಲೆಯೇ ಎಪಾಕ್ಸಿ ಹಚ್ಚಬೇಕು. ಇಲ್ಲಿ ಒಂದು ಡಿಗ್ರಿ ತಿರುಚಿದರೂ ವಿಮಾನ ಹಾರುವಷ್ಟು ಹೊತ್ತೂ ಒಂದೇ ಕಡೆಗೆ ಎಳೆಯುತ್ತಿರುತ್ತದೆ.

ಒಡಲನ್ನು ಬೆಂಗ್ರೆಯ ಮರದ ದೋಣಿಯ ಹಾಗೆ ಅಡ್ಡ ಚೌಕಟ್ಟುಗಳ ಮೇಲೆ ಉದ್ದ ಪಟ್ಟಿಗಳನ್ನು ಹಾಯಿಸಿ ಕಟ್ಟುತ್ತಾರೆ. ಮೇಲೆ ತೆಳು ಬಾಲ್ಸಾ ಹೊದಿಕೆ, ಅದರ ಮೇಲೆ ತೆಳ್ಳಗಿನ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ. ಹೀಗೆ ಮುಚ್ಚಿದ ಮರಕ್ಕೆ ತೇವ ತಾಗುವುದಿಲ್ಲ. ಇನ್ನೊಂದು ಚಂದದ ವಿವರ: ಡಕೋಟದ ಚಕ್ರಗಳು ಮೇಲೆ ಸರಿದಾಗಲೂ ಅವುಗಳ ಒಂದಷ್ಟು ಭಾಗ ಗೂಡಿನಿಂದ ಹೊರಗೆ ಚಾಚಿಕೊಂಡೇ ಇರುತ್ತದೆ. ಮಾದರಿಯಲ್ಲೂ ಹಾಗೆಯೇ ಬಿಟ್ಟರೆ ನೋಟಕ್ಕೆ ನಿಜ, ಚಕ್ರ ಕೆಳಗಿಳಿಯದೆ ಹೋದ ದಿನ ಹೊಟ್ಟೆಗೆ ರಕ್ಷಣೆ.

ಮೋಟಾರು ಮತ್ತು ಬ್ಯಾಟರಿ

ಹಿಂದೆ ಇಂಥ ಮಾದರಿಗಳಿಗೆ ಮೆಥನಾಲ್‌ನಿಂದ ಓಡುವ ಗ್ಲೋ ಎಂಜಿನ್ ಅಥವಾ ಪೆಟ್ರೋಲಿನ ಟೂ ಸ್ಟ್ರೋಕ್ ಎಂಜಿನ್ ಬಳಸುತ್ತಿದ್ದರು. ಎರಡು ಎಂಜಿನ್‌ಗಳನ್ನು ಒಂದೇ ವೇಗದಲ್ಲಿ ಓಡಿಸುವುದು ಅಲ್ಲಿ ದೊಡ್ಡ ತಲೆನೋವು. ಮೆಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಬ್ರಶ್‌ಲೆಸ್ ವಿದ್ಯುತ್ ಮೋಟಾರು ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ ಬಂದ ಮೇಲೆ ಜೋಡಿ ಎಂಜಿನ್ ಮಾದರಿ ಎಷ್ಟೋ ಜನರ ಕೈಗೆ ಎಟುಕಿದೆ.

ಲೆಕ್ಕ ಸರಳ. ಈ ಬಗೆಯ ವಿಮಾನಕ್ಕೆ ಕೆ.ಜಿ.ಗೆ ಸುಮಾರು 250 ವ್ಯಾಟ್ ಸಾಕು. 9 ಕೆ.ಜಿ.ಗೆ 2,250 ವ್ಯಾಟ್, ಒಂದೊಂದು ಮೋಟಾರಿಗೆ 1,125. ಆರು ಸೆಲ್‌ಗಳ 22.2 ವೋಲ್ಟ್ ಬ್ಯಾಟರಿಯಲ್ಲಿ ಇದು ಸುಮಾರು 50 ಆಂಪಿಯರ್. 80 ಆಂಪಿಯರ್ ತಾಳುವ ವೇಗ ನಿಯಂತ್ರಕ ಹಾಕಿದರೆ ಬಿಸಿಯ ಭಯವಿಲ್ಲ. ನಿಜವಾದ ಡಕೋಟದ ಮೂರೆಲೆಯ ಪ್ರೊಪೆಲ್ಲರಿನ ವ್ಯಾಸ ಸುಮಾರು 3.5 ಮೀಟರ್. ಹತ್ತರಲ್ಲೊಂದು ಎಂದರೆ 14 ಇಂಚು, ಮಾರುಕಟ್ಟೆಯಲ್ಲಿ ಸಿಗುವ ಅಳತೆಯೇ.

5,000 ಮಿಲಿಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿ ಒಟ್ಟು 222 ವ್ಯಾಟ್-ಗಂಟೆ ಶಕ್ತಿಯಿದೆ. ಅದರಲ್ಲಿ ಐದನೇ ಒಂದು ಭಾಗ ಮೀಸಲಿಟ್ಟು, ಸರಾಸರಿ 1,000 ವ್ಯಾಟ್ ಬಳಸಿದರೆ ಹತ್ತು ನಿಮಿಷದ ಹಾರಾಟ. ಟೈಮರನ್ನು ಏಳು ನಿಮಿಷಕ್ಕೆ ಇಡುವುದು ಜಾಣತನ. ಒಂದೊಂದು ಮೋಟಾರಿಗೆ ಒಂದೊಂದು ಬ್ಯಾಟರಿ ಎಂದು ಹಂಚಬಾರದು. ಎರಡನ್ನೂ ಸಮಾಂತರವಾಗಿ ಜೋಡಿಸಿ ಎರಡೂ ಮೋಟಾರಿಗೆ ಕೊಟ್ಟರೆ, ಶಕ್ತಿ ಕುಂದುವಾಗ ಎರಡೂ ಒಟ್ಟಿಗೆ ಕುಂದುತ್ತವೆ. ಸಿಗ್ನಲ್ ಹಿಡಿಯುವ ರಿಸೀವರ್ ಮತ್ತು ರೆಕ್ಕೆ, ಬಾಲದ ಫಲಕಗಳನ್ನು ಆಡಿಸುವ ಸರ್ವೊಗಳಿಗೆ ಬೇರೆಯೇ ಬ್ಯಾಟರಿ ಬೇಕು.

ಗುರುತ್ವ ಕೇಂದ್ರ

ಒಂಟಿ ಎಂಜಿನ್ ವಿಮಾನದಲ್ಲಿ ಎಂಜಿನ್ ಮೂಗಿನಲ್ಲಿ ಕುಳಿತು ಬಾಲದ ತೂಕವನ್ನು ಸರಿದೂಗಿಸುತ್ತದೆ. ಡಕೋಟದಲ್ಲಿ ಎಂಜಿನ್‌ಗಳು ರೆಕ್ಕೆಯ ಬಳಿಯಿವೆ, ಮೂಗು ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಸೇರಿದ ಒಂದೊಂದು ಗ್ರಾಮಿಗೂ ಮೂಗಿನಲ್ಲಿ ಹಲವು ಗ್ರಾಂ ಸೀಸ ಹಾಕಬೇಕಾಗುತ್ತದೆ. ಹಾಗಾಗಿ ಬಾಲದ ಭಾಗಕ್ಕೆ ಅತಿ ಹಗುರ ಬಾಲ್ಸಾವನ್ನೇ ಆರಿಸಬೇಕು, ಅಲ್ಲಿ ಅಂಟನ್ನೂ ಬಣ್ಣವನ್ನೂ ಮಿತವಾಗಿ ಬಳಸಬೇಕು. ಬ್ಯಾಟರಿಗಳ ಜಾಗ ಮೂಗಿನೊಳಗೆ. ಗುರುತ್ವ ಕೇಂದ್ರ ರೆಕ್ಕೆಯ ಮುಂಚೂಣಿ ಅಂಚಿನಿಂದ ಸರಾಸರಿ ಅಗಲದ ಶೇಕಡಾ 25ರಿಂದ 28ರಷ್ಟು ಹಿಂದೆ ಬೀಳಬೇಕು. ತೂಕ ಎಡಬಲಕ್ಕೂ ಸಮನಾಗಿದೆಯೇ ಎಂದು ನೋಡುವುದನ್ನು ಮರೆಯಬಾರದು.

ಒಂದು ಎಂಜಿನ್ ನಿಂತರೆ

ಎರಡು ಎಂಜಿನ್ ಇದ್ದರೆ ಸುರಕ್ಷತೆ ತಾನಾಗಿ ಇಮ್ಮಡಿಯಾಗುತ್ತದೆ ಎಂಬ ಭಾವನೆ ಅಪಾಯಕಾರಿ. ಒಂದು ನಿಂತ ಕೂಡಲೇ ಓಡುತ್ತಿರುವ ಎಂಜಿನ್ ಮೂಗನ್ನು ನಿಂತ ಎಂಜಿನ್‌ನ ಕಡೆಗೆ ತಿರುಗಿಸುತ್ತದೆ. ಅದನ್ನು ತಡೆಯಬೇಕಾದದ್ದು ಬಾಲದ ರಡ್ಡರ್. ಆದರೆ ರಡ್ಡರಿಗೆ ಬಲ ಬರುವುದು ವೇಗದಿಂದ. ವೇಗ ಒಂದು ಮಿತಿಗಿಂತ ಕೆಳಗಿಳಿದರೆ ರಡ್ಡರ್ ಸೋಲುತ್ತದೆ, ವಿಮಾನ ಸುತ್ತಿಕೊಂಡು ಮಗುಚುತ್ತದೆ.

ಡಕೋಟದ ಎರಡೂ ಪ್ರೊಪೆಲ್ಲರ್‌ಗಳು ಹಿಂದಿನಿಂದ ನೋಡಿದಾಗ ಬಲಕ್ಕೇ ತಿರುಗುತ್ತವೆ. ಮೂಗು ಎತ್ತಿ ಏರುವಾಗ ಕೆಳಗಿಳಿಯುವ ಎಲೆ, ಅಂದರೆ ಬಲಬದಿಯದು, ಹೆಚ್ಚು ಎಳೆಯುತ್ತದೆ. ಇದರಿಂದ ಬಲ ಎಂಜಿನ್‌ನ ಎಳೆತದ ರೇಖೆ ಒಡಲಿನಿಂದ ದೂರ ಸರಿಯುತ್ತದೆ, ಎಡದ್ದು ಹತ್ತಿರ ಬರುತ್ತದೆ. ಆದ್ದರಿಂದ ಎಡ ಎಂಜಿನ್ ನಿಂತಾಗಲೇ ತೊಂದರೆ ಹೆಚ್ಚು. ಮಾದರಿಯಲ್ಲಿ ಇದಕ್ಕೆ ಪರಿಹಾರವಿದೆ: ಬ್ರಶ್‌ಲೆಸ್ ಮೋಟಾರಿನ ಮೂರು ತಂತಿಗಳಲ್ಲಿ ಯಾವುವಾದರೂ ಎರಡನ್ನು ಅದಲುಬದಲು ಮಾಡಿದರೆ ಅದು ಎದುರು ದಿಕ್ಕಿಗೆ ತಿರುಗುತ್ತದೆ. ಬಲಬದಿಯಲ್ಲಿ ಹೀಗೆ ಮಾಡಿ ಎಡಮುರಿ ಪ್ರೊಪೆಲ್ಲರ್ ಹಾಕಿದರೆ ಎರಡೂ ಬದಿ ಸಮವಾಗುತ್ತವೆ.

ಹಾರಾಟದಲ್ಲಿ ಒಂದು ನಿಂತರೆ ಮಾಡಬೇಕಾದದ್ದು ಮನಸ್ಸಿನ ಸಹಜ ಒತ್ತಾಯಕ್ಕೆ ತದ್ವಿರುದ್ಧ. ಶಕ್ತಿ ಹೆಚ್ಚಿಸಬಾರದು, ಓಡುತ್ತಿರುವ ಎಂಜಿನ್‌ನ ಶಕ್ತಿಯನ್ನೂ ತಗ್ಗಿಸಿ, ಮೂಗು ಇಳಿಸಿ ವೇಗ ಉಳಿಸಿಕೊಂಡು, ಸಾಧ್ಯವಾದಷ್ಟು ನೇರವಾಗಿ ಇಳಿಸಬೇಕು.

ಇದು ಆಟಿಕೆಯ ಲೋಕಕ್ಕೆ ಸೀಮಿತವಾದ ಪಾಠವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಎರಡು ಎಂಜಿನ್‌ಗಳ ‘ಸರಸ್’ 2004ರ ಮೇ 29ರಂದು ಮೊದಲು ಹಾರಿತು. ಅದರ ಎರಡನೆಯ ಪ್ರತಿ 2009ರ ಮಾರ್ಚ್ 6ರಂದು, ಹಾರುತ್ತಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ವೇಳೆ ಬಿಡದಿ ಬಳಿ ಪತನಗೊಂಡು ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ತೆತ್ತರು. ಅಸಮ ಎಳೆತ ಎಂಥ ಅನುಭವಿಗಳಿಗೂ ಕಠಿಣ ಸವಾಲು.

ಎಲ್ಲಿ ಹಾರಿಸಬಹುದು?

2021ರ ಡ್ರೋನ್ ನಿಯಮಗಳ ಪ್ರಕಾರ, ಶಿಕ್ಷಣ, ಸಂಶೋಧನೆ ಅಥವಾ ಮನರಂಜನೆಗಾಗಿ ಕಣ್ಣಳತೆಯಲ್ಲಿ ಹಾರಿಸುವ 25 ಕೆ.ಜಿ.ವರೆಗಿನ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್ ಬೇಡ. ಆದರೆ 2 ಕೆ.ಜಿ. ಮೀರದವಕ್ಕೆ ಹಾರಿಸುವವರ ಪ್ರಮಾಣಪತ್ರದಲ್ಲಿ ಸಿಗುವ ವಿನಾಯಿತಿ 9 ಕೆ.ಜಿ.ಯ ಡಕೋಟಕ್ಕೆ ಅನ್ವಯಿಸದು. ವಾಯುಪ್ರದೇಶ ಕೆಂಪು, ಹಳದಿ, ಹಸಿರು ವಲಯಗಳಾಗಿ ಹಂಚಿಹೋಗಿದೆ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ, ಅದರಾಚೆ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯನ್ನೂ ಆ ಹೊತ್ತಿನ ನಿಯಮಗಳನ್ನೂ ಪ್ರತಿ ಸಲ ನೋಡಿಕೊಳ್ಳಬೇಕು.

ಮಂಗಳೂರಿಗೆ ಈ ಲೆಕ್ಕ ಬಿಗಿಯಾಗಿದೆ. ಒಂದು ಕಡೆ ಬಜ್ಪೆ, ಇನ್ನೊಂದು ಕಡೆ ಪಣಂಬೂರು ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ. ಪಣಂಬೂರಿನ ಮರಳ ಮೇಲೆ ಗಾಳಿಪಟ ಉತ್ಸವಗಳು ನಡೆದಿವೆಯಾದರೂ ಜನಸಂದಣಿಯ ಕಡಲತೀರ ಇಂಥ ಮಾದರಿಗೆ ತಕ್ಕುದಲ್ಲ. ಉಪ್ಪುಗಾಳಿ ಮೋಟಾರಿನ ಬೇರಿಂಗ್‌ಗೂ ಕೆಡುಕು. ನಗರದಿಂದ ದೂರದ ಮುರಕಲ್ಲಿನ ಪದವು ಅಥವಾ ಕಾಲೇಜಿನ ವಿಶಾಲ ಮೈದಾನವೇ ಸೂಕ್ತ, ಅದೂ ಜಾಗದ ಒಡೆಯರ ಅನುಮತಿಯೊಂದಿಗೆ. ಕೊಯ್ಲಾದ ಗದ್ದೆ ಚಪ್ಪಟೆಯಾಗಿ ಕಂಡರೂ ಬದುಗಳು ಚಕ್ರವನ್ನು ಕಿತ್ತುಹಾಕುತ್ತವೆ.

ಮೊದಲ ಹಾರಾಟ

ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತು ಪ್ರಶಸ್ತ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲಗೊಳ್ಳುತ್ತದೆ. ಹಾರಿಸುವ ಮುನ್ನ ಬಾಲಕ್ಕೆ ಲಗೇಜು ತೂಗುವ ಕೊಕ್ಕೆ ತಕ್ಕಡಿ ಕಟ್ಟಿ, ಇಬ್ಬರು ಹಿಡಿದು ನಿಂತು, ಪೂರ್ತಿ ಶಕ್ತಿಯ ಎಳೆತ ಅಳೆಯಬೇಕು. ಎರಡೂ ಮೋಟಾರುಗಳ ಸುತ್ತುಗಳನ್ನು ಟ್ಯಾಕೋಮೀಟರ್ ಹಿಡಿದು ಹೋಲಿಸಬೇಕು. ಸಿಗ್ನಲ್ ಕಡಿದರೆ ಮೋಟಾರುಗಳು ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಪರೀಕ್ಷಿಸಿ ನೋಡಬೇಕು.

ಬಾಲಚಕ್ರದ ವಿಮಾನವಾದ್ದರಿಂದ ಶಕ್ತಿಯನ್ನು ನಿಧಾನವಾಗಿ ಏರಿಸಿ, ಬಾಲ ತಾನಾಗಿ ಎದ್ದ ಮೇಲೆ ಇನ್ನಷ್ಟು ಓಡಿಸಿ, ಹಠ ಮಾಡದೆ ನೆಲ ಬಿಡಿಸಬೇಕು. ಕಡಿದಾಗಿ ಏರಿಸಕೂಡದು. ಮೇಲೆ ಸಾಕಷ್ಟು ಎತ್ತರದಲ್ಲಿ ವೇಗ ತಗ್ಗಿಸಿ, ರೆಕ್ಕೆ ಯಾವಾಗ ಸೋಲುತ್ತದೆಂದು ಅರಿತುಕೊಂಡ ಮೇಲೆಯೇ ಇಳಿಸಲು ಬರಬೇಕು.

ಕಲಿಯುವವರಿಗೆ

ಇದು ಮೊದಲ ಮಾದರಿಯಾಗಿ ಕಟ್ಟುವಂಥದ್ದಲ್ಲ. ಫೋಮ್‌ನ ತರಬೇತಿ ವಿಮಾನ, ಬಳಿಕ ಒಂದೂವರೆ ಮೀಟರಿನ ಜೋಡಿ ಎಂಜಿನ್ ಮಾದರಿ, ಆಮೇಲೆ ಡಕೋಟ ಎಂಬ ಕ್ರಮ ಒಳ್ಳೆಯದು. ಸುರತ್ಕಲ್ಲಿನ ಎನ್‌ಐಟಿಕೆ, ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗವಿರುವ ಮೂಡುಬಿದಿರೆಯ ಮೈಟ್‌ನಂಥ ಕಾಲೇಜುಗಳ ಸುತ್ತ ಬೆಳೆಯುವ ವಿದ್ಯಾರ್ಥಿಗಳಿಗೆ ಈ ಹವ್ಯಾಸ ಪಠ್ಯದ ಸೂತ್ರಗಳನ್ನು ಕೈಗೆ ತಂದುಕೊಡುತ್ತದೆ.

ಈ ದಾರಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ಪೈಲಟ್‌ರಹಿತ ‘ತಪಸ್’ಗೂ ಎಂಜಿನ್ ಎರಡೇ, ರೆಕ್ಕೆಯ ಹರವು 20.6 ಮೀಟರ್. 2016ರ ನವೆಂಬರ್‌ನಲ್ಲಿ ಅದು ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ವಲಯದಲ್ಲಿ ಮೊದಲು ಹಾರಿತು. 2023ರ ಜೂನ್‌ನಲ್ಲಿ ಅಲ್ಲಿಂದ ಹೊರಟು ಬಂದಾಗ, ಕಾರವಾರದಾಚೆ ಕಡಲಲ್ಲಿದ್ದ ನೌಕಾಪಡೆಯ ಐಎನ್‌ಎಸ್ ಸುಭದ್ರಾ ಹಡಗು 40 ನಿಮಿಷ ಅದರ ನಿಯಂತ್ರಣ ವಹಿಸಿಕೊಂಡಿತು. ತೂಕವನ್ನು ಹದ್ದುಬಸ್ತಿನಲ್ಲಿಡುವುದು, ಎಡಬಲದ ಸಮತೋಲ ಕಾಯುವುದು, ಸಿಗ್ನಲ್ ಕಡಿದರೆ ಏನೆಂದು ಮೊದಲೇ ಯೋಚಿಸುವುದು: ತಪಸ್ ಕಟ್ಟಿದವರು ಎದುರಿಸಿದ ಪ್ರಶ್ನೆಗಳೇ 9 ಕೆ.ಜಿ.ಯ ಡಕೋಟದಲ್ಲೂ ಇವೆ. ಅವನ್ನು ತಾರುಣ್ಯದಲ್ಲೇ, ಸ್ವಂತ ಕೈಯಿಂದ ಬಿಡಿಸಿದವರು ಮುಂದೆ ದೊಡ್ಡ ವಿಮಾನದ ಮುಂದೆ ನಿಂತಾಗ ಎಲ್ಲಿ ಮೊದಲು ನೋಡಬೇಕೆಂದು ತಿಳಿದಿರುತ್ತಾರೆ. ಕರಾವಳಿಯ ಶಾಲೆ ಕಾಲೇಜುಗಳು ಈ ಹವ್ಯಾಸಕ್ಕೆ ಒಂದು ಕೋಣೆಯನ್ನೂ ಒಂದು ಮೈದಾನವನ್ನೂ ಬಿಟ್ಟುಕೊಡಲು ಇಷ್ಟು ಕಾರಣ ಸಾಕು.